ಒಂದೇ ನೆಲೆ, ಎರಡು ಪ್ರೇಷಕ: ಬ್ರೂಕ್‌ಮನ್ಸ್ ಪಾರ್ಕಿನ ಬಾನುಲಿ ಕೇಂದ್ರ

ಬಿಬಿಸಿಯ ಲಂಡನ್ ಕೇಂದ್ರದ ಏರಿಯಲ್ 1925ರಿಂದ ಆಕ್ಸ್‌ಫರ್ಡ್ ಬೀದಿಯ ಸೆಲ್ಫ್ರಿಜಸ್ ಮಳಿಗೆಯ ತಾರಸಿಯ ಮೇಲಿತ್ತು. ಊರ ನಡುವಣ ಇಂತಹ ಪ್ರೇಷಕದ ಶಕ್ತಿಯನ್ನು ಹೆಚ್ಚಿಸಿದರೆ ನೆರೆಯವರ ಸೆಟ್ಟುಗಳಲ್ಲಿ ಬೇರಾವ ಕೇಂದ್ರವೂ ಕೇಳಿಸದು. ಹೆಚ್ಚಿಸದಿದ್ದರೆ ದೂರದ ಹಳ್ಳಿಗಳಿಗೆ ಪ್ರಸಾರ ತಲಪದು. ಮುಖ್ಯ ಎಂಜಿನಿಯರ್ ಪೀಟರ್ ಎಕರ್ಸ್‌ಲಿ ರೂಪಿಸಿದ ಪ್ರಾದೇಶಿಕ ಯೋಜನೆಯು ಈ ಇಕ್ಕಟ್ಟಿಗೆ ಉತ್ತರವಾಗಿತ್ತು. ಅದರ ಮೊದಲ ಕೇಂದ್ರವು ಲಂಡನ್ನಿನ ಉತ್ತರಕ್ಕಿರುವ ಬ್ರೂಕ್‌ಮನ್ಸ್ ಪಾರ್ಕಿನಲ್ಲಿ 1929ರ ಅಕ್ಟೋಬರಿನಲ್ಲಿ ಆರಂಭವಾಯಿತು. 1930ರ ಮಾರ್ಚಿನಲ್ಲಿ ಅಲ್ಲಿಯೇ ಎರಡನೆಯ ಪ್ರೇಷಕವೂ ಕೂಡಿಕೊಂಡು, ರಾಷ್ಟ್ರೀಯ ಮತ್ತು ಪ್ರಾದೇಶಿಕ ಕಾರ್ಯಕ್ರಮಗಳೆರಡೂ ಒಂದೇ ನೆಲೆಯಿಂದ ಹೊರಡತೊಡಗಿದವು.

ಇದನ್ನು ಕೇವಲ ಮಿತವ್ಯಯದ ಕ್ರಮವೆಂದು ಭಾವಿಸುವುದು ಸರಿಯಲ್ಲ. ಪ್ರೇಷಕಗಳು ಬೇರೆ ಬೇರೆ ಊರುಗಳಲ್ಲಿದ್ದರೆ, ಒಂದರ ಸಮೀಪದಲ್ಲಿರುವ ಕೇಳುಗನಿಗೆ ಅದರ ಪ್ರಬಲ ಸಂಕೇತವು ಇನ್ನೊಂದನ್ನು ಮುಳುಗಿಸಿಬಿಡುತ್ತದೆ. ಒಂದೇ ನೆಲೆಯಲ್ಲಿದ್ದರೆ, ಕೇಳುಗನು ಎಲ್ಲಿಯೇ ಇರಲಿ, ಎರಡರ ಬಲವೂ ಬಹುಮಟ್ಟಿಗೆ ಸಮನಾಗಿರುತ್ತದೆ. ಎಕರ್ಸ್‌ಲಿಯವರ ವಾದದ ತಿರುಳು ಇದೇ. ಆದರೆ ಬಡವರ ಮನೆಗಳಲ್ಲಿದ್ದ ಅಗ್ಗದ ಕ್ರಿಸ್ಟಲ್ ಸೆಟ್ಟುಗಳಿಗೆ ಸಮಬಲದ ಎರಡು ಸಂಕೇತಗಳನ್ನು ಬೇರ್ಪಡಿಸುವುದು ಸುಲಭವಾಗಿರಲಿಲ್ಲ; ತರಂಗಾಂತರಗಳು 356 ಮತ್ತು 261 ಮೀಟರುಗಳಷ್ಟು ದೂರದೂರವಿದ್ದರೂ ಕೇಂದ್ರದ ಹತ್ತಿರದವರಿಗೆ ಎರಡೂ ಕಲೆತು ಕೇಳಿಸುತ್ತಿದ್ದವು. ಯೋಜನೆಯ ಈ ಹೊರೆಯನ್ನು ಹೊತ್ತವರು ಕೇಳುಗರೇ. ಎರಡನೆಯ ಪ್ರೇಷಕವು ನುಡಿಯತೊಡಗಿದ ವೇಳೆಗೆ ಎಕರ್ಸ್‌ಲಿ ಬಿಬಿಸಿಯನ್ನು ತೊರೆದಿದ್ದರು.