ಗಾಯವನ್ನು ಅಳೆಯುವ ವಿವೇಕ

ರೋಗವನ್ನು ನೀಗಲು ಚಾಚಿದ ಕೈ ತಾನೇ ಗಾಯವನ್ನೂ ಉಂಟುಮಾಡಬಹುದು. ಅಪಸ್ಮಾರದ ಶಸ್ತ್ರಚಿಕಿತ್ಸೆಯ ಇತಿಹಾಸವು ಈ ಧರ್ಮಸಂಕಟಕ್ಕೆ ಉತ್ತಮ ನಿದರ್ಶನವಾಗಿದೆ.

1886ರಲ್ಲಿ ಲಂಡನ್ನಿನ ಕ್ವೀನ್ ಸ್ಕ್ವೇರ್ ಆಸ್ಪತ್ರೆಯಲ್ಲಿ ವಿಕ್ಟರ್ ಹಾರ್ಸ್ಲಿಯವರು, ಬಾಲ್ಯದಲ್ಲಿ ತಲೆಗೆ ಪೆಟ್ಟು ಬಿದ್ದಿದ್ದ 22 ವರ್ಷದ ತರುಣನ ಮಿದುಳಿನಿಂದ ಹಳೆಯ ಗಾಯದ ಕಲೆಯನ್ನು ತೆಗೆದು ಮೂರ್ಛೆಯನ್ನು ಗುಣಪಡಿಸಲೆತ್ನಿಸಿದರು. 1934ರಲ್ಲಿ ಮಾಂಟ್ರಿಯಲ್‌ನಲ್ಲಿ ನರವಿಜ್ಞಾನ ಸಂಸ್ಥೆಯನ್ನು ಸ್ಥಾಪಿಸಿದ ವೈಲ್ಡರ್ ಪೆನ್‌ಫೀಲ್ಡ್ ಅವರು ರೋಗಿಯನ್ನು ಎಚ್ಚರದಲ್ಲಿಯೇ ಇರಿಸಿ, ಮಾತು ಮತ್ತು ಚಲನೆಯ ಸ್ಥಾನಗಳನ್ನು ಗುರುತಿಸಿಕೊಂಡು, ಅವನ್ನು ಉಳಿಸಿ ಶಸ್ತ್ರವನ್ನು ಬಳಸುತ್ತಿದ್ದರು. ಆದರೆ ನೆನಪಿನ ಸ್ಥಾನ ಯಾವುದೆಂಬುದು ಆಗಿನ್ನೂ ತಿಳಿದಿರಲಿಲ್ಲ.

ಆ ಅಜ್ಞಾನದ ಬೆಲೆಯನ್ನು ತೆತ್ತವನು ಹೆನ್ರಿ ಮೊಲೈಸನ್. 1953ರಲ್ಲಿ ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿ ವಿಲಿಯಂ ಸ್ಕೋವಿಲ್ ಅವರು 27 ವರ್ಷದ ಈತನ ಮಿದುಳಿನ ಎರಡೂ ಪಾರ್ಶ್ವಗಳಿಂದ ಹಿಪೊಕ್ಯಾಂಪಸ್ಸಿನ ಬಹುಭಾಗವನ್ನು ತೆಗೆದರು. ಮೂರ್ಛೆ ತಗ್ಗಿತು; ಆದರೆ ಹೊಸ ಅನುಭವಗಳನ್ನು ನೆನಪಿನಲ್ಲಿರಿಸಿಕೊಳ್ಳುವ ಶಕ್ತಿ ಹೋಯಿತು. 2008ರಲ್ಲಿ ಮರಣ ಹೊಂದುವವರೆಗೂ ಅದು ಮರಳಲಿಲ್ಲ. 1957ರಲ್ಲಿ ಸ್ಕೋವಿಲ್ ಅವರು ಮನೋವಿಜ್ಞಾನಿ ಬ್ರೆಂಡಾ ಮಿಲ್ನರ್ ಅವರೊಡನೆ ಈ ನಷ್ಟವನ್ನು ಮುಚ್ಚಿಡದೆ ಪ್ರಕಟಿಸಿ, ಇತರ ವೈದ್ಯರನ್ನು ಎಚ್ಚರಿಸಿದರು. ಆಗಿಹೋದ ಹಾನಿಗೆ ಅದು ಪರಿಹಾರವಲ್ಲ; ಆದರೆ ಮುಂದಿನ ರೋಗಿಗಳಿಗೆ ಅದೇ ರಕ್ಷಣೆಯಾಯಿತು.

ಹಾಗೆಂದು ಶಸ್ತ್ರಚಿಕಿತ್ಸೆಯನ್ನೇ ತ್ಯಜಿಸುವುದು ದಯೆಯೆನಿಸದು. 2001ರಲ್ಲಿ ಪ್ರಕಟವಾದ ಕೆನಡಾದ ಅಧ್ಯಯನದಲ್ಲಿ 80 ರೋಗಿಗಳನ್ನು ಎರಡು ಸಮಪಾಲಾಗಿ ವಿಂಗಡಿಸಲಾಗಿತ್ತು. ಒಂದು ವರ್ಷದ ಬಳಿಕ, ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ ಶೇಕಡಾ 58ರಷ್ಟು ಜನ ಅರಿವು ತಪ್ಪಿಸುವ ಮೂರ್ಛೆಯಿಂದ ಮುಕ್ತರಾಗಿದ್ದರು. ಔಷಧಿಯನ್ನಷ್ಟೇ ಪಡೆದವರಲ್ಲಿ ಶೇಕಡಾ 8ರಷ್ಟು ಮಾತ್ರ.

ಮೊಲೈಸನ್‌ಗೆ ಆದ ಹಾನಿ ಅವನ ನಡೆನುಡಿಯಿಂದ ಮಾತ್ರ ತಿಳಿಯಿತು. ಇಂದು ರಕ್ತವೂ ಸಾಕ್ಷಿ ನುಡಿಯುತ್ತದೆ. ಮಿದುಳಿನ ಕೋಶಗಳಿಗೆ ಘಾಸಿಯಾದಾಗ ಅವುಗಳೊಳಗಿನ ಕೆಲವು ಪ್ರೋಟೀನುಗಳು ರಕ್ತಕ್ಕೆ ಸೋರುತ್ತವೆ. ನರಕೋಶಗಳಿಗೆ ಆಸರೆಯಾದ ತಾರಾಕೋಶಗಳಿಂದ ಬರುವ ಜಿ.ಎಫ್.ಎ.ಪಿ. ಬೇಗನೆ ಏರುತ್ತದೆ, ನರತಂತುಗಳಿಂದ ಬರುವ ನ್ಯೂರೋಫಿಲಮೆಂಟ್ ಲೈಟ್ ದಿನಗಳಿಂದ ವಾರಗಳವರೆಗೆ ಏರಿ, ಇಳಿಯಲು ತಿಂಗಳುಗಳನ್ನೇ ತೆಗೆದುಕೊಳ್ಳುತ್ತದೆ. ಇವುಗಳ ಪ್ರಮಾಣವನ್ನು ಪಿಕೋಗ್ರಾಮುಗಳಲ್ಲಿ, ಅಂದರೆ ಗ್ರಾಮಿನ ಲಕ್ಷ ಕೋಟಿಯಲ್ಲೊಂದು ಪಾಲಿನ ಲೆಕ್ಕದಲ್ಲಿ, ಅಳೆಯುತ್ತಾರೆ. ಅಪಸ್ಮಾರದ ಶಸ್ತ್ರಚಿಕಿತ್ಸೆಗೆ ಮೊದಲೂ ಅನಂತರವೂ ರಕ್ತವನ್ನು ಪರೀಕ್ಷಿಸಿದರೆ, ಮಿದುಳಿಗೆ ತಗುಲಿದ ಘಾಸಿಯ ಅಂದಾಜು ದೊರೆಯುತ್ತದೆ.

ಆದರೆ ಸಂಖ್ಯೆಯೇ ತೀರ್ಪಲ್ಲ. ಮಿದುಳಿನ ಅಂಶವನ್ನು ತೆಗೆದಾಗ ಈ ಪ್ರೋಟೀನುಗಳು ಏರುವುದು ಸಹಜ. ಕಳೆದುಹೋದದ್ದು ರೋಗದ ನೆಲೆಯೋ, ಬಾಳಿನ ನೆನಪೋ ಎಂಬುದನ್ನು ರಕ್ತದ ಹನಿ ಹೇಳಲಾರದು. ಅದಕ್ಕೆ ಇಂದಿಗೂ ರೋಗಿಯೊಡನೆ ಕುಳಿತು ಮಾತನಾಡಬೇಕು, ಅವನ ನೆನಪನ್ನು ಪರೀಕ್ಷಿಸಬೇಕು.

ಲಾಭದೊಡನೆ ನಷ್ಟವನ್ನೂ ಅಳೆದು, ಅದನ್ನು ರೋಗಿಗೂ ಮನೆಯವರಿಗೂ ಮೊದಲೇ ತಿಳಿಸಿ, ಅವರ ಒಪ್ಪಿಗೆಯನ್ನು ಪಡೆದು ಮುಂದುವರಿಯುವುದೇ ವೈದ್ಯಧರ್ಮ. ಮೊಲೈಸನ್ ಕಳೆದುಕೊಂಡ ಐವತ್ತೈದು ವರ್ಷಗಳ ನೆನಪು ಈ ಪಾಠಕ್ಕೆ ತೆತ್ತ ಬೆಲೆ ಎಂಬುದನ್ನು ಮರೆಯಲಾಗದು.