ಸಾಲಮಾಂಕಾದ ಮೌನಿ

ಸ್ಪೇನ್ ದೇಶದ ಪಶ್ಚಿಮ ಭಾಗದಲ್ಲಿರುವ ಸಾಲಮಾಂಕಾ ನಗರದ ಹೆಸರು ಸಾಹಿತ್ಯಾಸಕ್ತರಿಗೆ ಅಪರಿಚಿತವಲ್ಲ. ಅಲ್ಲಿಯ ಪುರಾತನ ವಿಶ್ವವಿದ್ಯಾನಿಲಯದ ಮುಖ್ಯಸ್ಥನಾಗಿದ್ದ ಲೇಖಕ ಉನಾಮುನೊ 1936ರ ಅಕ್ಟೋಬರಿನಲ್ಲಿ ತುಂಬಿದ ಸಭೆಯೊಳಗೆ ಫ್ರಾಂಕೊ ಪಕ್ಷದ ಸೇನಾನಿಗೆ ಎದುರಾಗಿ ಮಾತನಾಡಿ, ಪದವಿಯನ್ನು ಕಳೆದುಕೊಂಡು, ಅದೇ ವರ್ಷದ ಕೊನೆಯ ದಿನ ತೀರಿಕೊಂಡ. ಅದೇ ಊರಿನಲ್ಲಿ 1950ರ ಡಿಸೆಂಬರಿನಲ್ಲಿ ವಿಸೆಂತೆ ದೆಲ್ ಬೋಸ್ಕೆ ಜನಿಸಿದರು. ತಂದೆ ರೈಲ್ವೆಯ ನೌಕರರು, ಗಣರಾಜ್ಯದ ಪಕ್ಷಪಾತಿಗಳು. ಆ ಕಾರಣಕ್ಕಾಗಿಯೇ ಫ್ರಾಂಕೊ ಆಡಳಿತದ ಸೆರೆಯಲ್ಲಿದ್ದು ಬಂದವರು.

ಕಾಲ್ಚೆಂಡಾಟದ ತರಬೇತುದಾರನೊಬ್ಬನ ಚರಿತ್ರೆಯನ್ನು ಇಷ್ಟು ಹಿಂದಿನಿಂದ ಆರಂಭಿಸುವುದಕ್ಕೆ ಕಾರಣವಿದೆ. ಆ ದೇಶದಲ್ಲಿ ಆಟವೂ ರಾಜ್ಯಾಡಳಿತವೂ ಬಹುಕಾಲ ಹೆಣೆದುಕೊಂಡಿದ್ದವು. 1960ರಲ್ಲಿ ಯೂರೋಪಿನ ಮೊದಲ ರಾಷ್ಟ್ರತಂಡಗಳ ಸ್ಪರ್ಧೆಯಲ್ಲಿ ಸೋವಿಯತ್ ಒಕ್ಕೂಟದೊಡನೆ ಆಡಬೇಕಾಗಿ ಬಂದಾಗ ಫ್ರಾಂಕೊ ತನ್ನ ದೇಶದ ತಂಡವನ್ನು ಮಾಸ್ಕೋಗೆ ಹೋಗಗೊಡಲಿಲ್ಲ. ನಾಲ್ಕು ವರ್ಷಗಳ ಮೇಲೆ ಮ್ಯಾಡ್ರಿಡಿನಲ್ಲಿಯೇ ಅಂತಿಮ ಪಂದ್ಯ ನಡೆದು, ಆತನ ಕಣ್ಣೆದುರಿನಲ್ಲಿ ಸ್ಪೇನ್ ಅದೇ ಸೋವಿಯತ್ ತಂಡವನ್ನು 2-1ರಿಂದ ಸೋಲಿಸಿತು. ಆಗ ಸಾಲಮಾಂಕಾದ ಈ ಹುಡುಗನಿಗೆ ಹದಿಮೂರು ವರ್ಷ. ರಾಷ್ಟ್ರದ ಗೆಲುವು ಎಂಬ ಮಾತಿನಲ್ಲಿ ಆ ರಾಷ್ಟ್ರ ಯಾರದು ಎಂಬ ಪ್ರಶ್ನೆಯೂ ಅಡಗಿರುತ್ತದೆಂಬುದು ಸೆರೆಮನೆಯನ್ನು ಕಂಡ ಮನೆತನಗಳಿಗೆ ತಿಳಿಯದ ಸಂಗತಿಯಾಗಿರಲಾರದು.

ದೆಲ್ ಬೋಸ್ಕೆ ರಿಯಾಲ್ ಮ್ಯಾಡ್ರಿಡ್ ಸಂಸ್ಥೆಯನ್ನು ಸೇರಿ, ನಡುವೆ ಕಾಸ್ತೆಯೋನ್, ಕೋರ್ದೊಬಾ ತಂಡಗಳಿಗೆ ಎರವಲಾಗಿ ಹೋಗಿಬಂದು, ಮಧ್ಯಪಂಕ್ತಿಯಲ್ಲಿ ನೆಲೆ ಕಂಡುಕೊಂಡರು. ಎತ್ತರದ ಆಳು, ದಪ್ಪ ಮೀಸೆ, ಅವಸರವಿಲ್ಲದ ನಡೆ. ಆದರೆ ಚೆಂಡು ಅವರ ಕಾಲಿನಿಂದ ಹೊರಟರೆ ತಲುಪಬೇಕಾದಲ್ಲಿಗೆ ತಲುಪುತ್ತಿತ್ತು. ಐದು ಬಾರಿ ದೇಶದ ಲೀಗ್ ಪ್ರಶಸ್ತಿಯನ್ನೂ ನಾಲ್ಕು ಬಾರಿ ಕಪ್ಪನ್ನೂ ಗೆದ್ದ ತಂಡದಲ್ಲಿದ್ದರು. 1981ರಲ್ಲಿ ಯೂರೋಪಿಯನ್ ಕಪ್ಪಿನ ಅಂತಿಮ ಪಂದ್ಯವನ್ನು ಪ್ಯಾರಿಸಿನಲ್ಲಿ ಆಡಿ, ಲಿವರ್‌ಪೂಲ್ ತಂಡದೆದುರು ಒಂದೇ ಗೋಲಿನಿಂದ ಸೋತರು. 1984ರಲ್ಲಿ ಆಟಕ್ಕೆ ವಿದಾಯ ಹೇಳಿದರು.

ಅನಂತರದ ಒಂದೂವರೆ ದಶಕ ಹೊರಗಿನವರಿಗೆ ಕಾಣದ ಕಾಲ. ಅದೇ ಸಂಸ್ಥೆಯಲ್ಲಿ ಕಿರಿಯರಿಗೆ ಆಟ ಕಲಿಸುತ್ತ, ಎರಡನೆಯ ತಂಡವನ್ನು ನೋಡಿಕೊಳ್ಳುತ್ತ, ಮುಖ್ಯ ತರಬೇತುದಾರರು ಪದಚ್ಯುತರಾದಾಗ ತಾತ್ಕಾಲಿಕವಾಗಿ ಹೊರೆ ಹೊತ್ತು ಮತ್ತೆ ಹಿಂದೆ ಸರಿಯುತ್ತ ಅವರು ದಿನ ಕಳೆದರು. 1999ರ ನವೆಂಬರಿನಲ್ಲಿ ಟೊಷಾಕ್ ಎಂಬ ವೇಲ್ಸ್ ದೇಶದ ತರಬೇತುದಾರ ನಿರ್ಗಮಿಸಿದಾಗಲೂ ದೆಲ್ ಬೋಸ್ಕೆ ಅವರನ್ನು ಕರೆದದ್ದು ಮನೆಯ ಹಿರಿಯಾಳನ್ನು ಕರೆದಂತೆ. ಆ ವರ್ಷ ಲೀಗಿನಲ್ಲಿ ತಂಡ ಐದನೆಯ ಸ್ಥಾನಕ್ಕೆ ಇಳಿಯಿತು. ಆದರೆ 2000ದ ಮೇ ತಿಂಗಳಿನಲ್ಲಿ, ಪ್ಯಾರಿಸಿನ ಮಗ್ಗುಲಲ್ಲಿರುವ ಸೇಂಟ್ ಡೆನಿಸಿನ ಕ್ರೀಡಾಂಗಣದಲ್ಲಿ, ವಲೆನ್ಸಿಯಾ ತಂಡವನ್ನು 3-0ರಿಂದ ಮಣಿಸಿ ಚಾಂಪಿಯನ್ಸ್ ಲೀಗನ್ನು ಗೆದ್ದುಕೊಂಡಿತು. ಅಂದು ಗೋಲು ಕಾದವನು ಹತ್ತೊಂಬತ್ತು ತುಂಬಿ ನಾಲ್ಕೇ ದಿನವಾಗಿದ್ದ, ಆ ಸಂಸ್ಥೆಯಲ್ಲಿಯೇ ಬೆಳೆದ ಕಸೀಯಾಸ್.

ಮುಂದೆ ಹಣದ ಹೊಳೆ ಹರಿಯಿತು. ಹೊಸ ಅಧ್ಯಕ್ಷರಾದ ಫ್ಲೊರೆಂತಿನೊ ಪೆರೆಸ್ ವರ್ಷಕ್ಕೊಬ್ಬ ಜಗತ್ಪ್ರಸಿದ್ಧನನ್ನು ತಂದರು: 2000ದಲ್ಲಿ ಫಿಗೊ, 2001ರಲ್ಲಿ ಜಿದಾನ್, 2002ರಲ್ಲಿ ರೊನಾಲ್ಡೊ. ಇಂಥ ನಕ್ಷತ್ರಗಳು ಒಂದೇ ಆಕಾಶದಲ್ಲಿ ಸೇರಿದರೆ ಬೆಳಕಿಗಿಂತ ಸಂಘರ್ಷವೇ ಹೆಚ್ಚಾಗುವುದು ಲೋಕಾನುಭವ. ದೆಲ್ ಬೋಸ್ಕೆ ಗದರಿಸಲಿಲ್ಲ, ಬೋಧಿಸಲಿಲ್ಲ. ಅವರೆಲ್ಲರ ಬೆನ್ನಿಗೆ ಮಕೆಲೆಲೆ ಎಂಬ ಶ್ರಮಜೀವಿಯನ್ನು ನಿಲ್ಲಿಸಿದರು. ಕಚೇರಿಯಲ್ಲಿ ತಂಬೂರಿಯನ್ನು ಯಾರೂ ಹೊಗಳುವುದಿಲ್ಲ; ಅದು ನಿಂತಾಗ ಮಾತ್ರ ಗಾಯಕನಿಗೆ ಅದರ ಬೆಲೆ ಗೊತ್ತಾಗುತ್ತದೆ. ಈ ಆಟಗಾರನ ಸ್ಥಾನ ಅಂಥದು. 2001ರಲ್ಲಿ ಲೀಗ್, 2002ರಲ್ಲಿ ಮತ್ತೆ ಚಾಂಪಿಯನ್ಸ್ ಲೀಗ್, 2003ರಲ್ಲಿ ಮತ್ತೆ ಲೀಗ್ ಕೈಸೇರಿದವು.

2003ರ ಜೂನಿನಲ್ಲಿ, ಲೀಗ್ ಗೆದ್ದ ಸಂಭ್ರಮ ಇನ್ನೂ ಆರದಿರುವಾಗಲೇ, ಅವರ ಒಪ್ಪಂದವನ್ನು ಮುಂದುವರಿಸಲಾಗುವುದಿಲ್ಲವೆಂದು ತಿಳಿಸಲಾಯಿತು. ಸಂಸ್ಥೆಗೆ ಹೊಸ ಕಾಲಕ್ಕೆ ಒಪ್ಪುವ ಮುಖ ಬೇಕಾಗಿತ್ತು. ಬೋಳುತಲೆಯ, ಮೀಸೆಯ, ಮಿತಭಾಷಿಯಾದ ಈ ಗೃಹಸ್ಥ ಆ ಚಿತ್ರಪಟಕ್ಕೆ ಹೊಂದುತ್ತಿರಲಿಲ್ಲ. ಅದೇ ಬೇಸಿಗೆಯಲ್ಲಿ ಬೆಕಮ್ ಬಂದರು, ಮಕೆಲೆಲೆ ಚೆಲ್ಸಿಗೆ ಹೋದರು. ಮುಂದಿನ ನಾಲ್ಕು ವರ್ಷಗಳಲ್ಲಿ ಆ ತಂಡ ಆರು ಮಂದಿ ತರಬೇತುದಾರರನ್ನು ಕಂಡಿತು. 2007ರವರೆಗೆ ಲೀಗ್ ಪ್ರಶಸ್ತಿಯನ್ನು ಕಾಣಲಿಲ್ಲ. ದೆಲ್ ಬೋಸ್ಕೆ ಟರ್ಕಿಯ ಬೆಷಿಕ್ತಾಷ್ ತಂಡಕ್ಕೆ ಹೋಗಿ, ಅಲ್ಲಿಂದಲೂ 2005ರ ಜನವರಿಯಲ್ಲಿ ಬಿಡುಗಡೆ ಹೊಂದಿದರು. ಅವರ ಕಾಲ ಮುಗಿಯಿತೆಂದೇ ಅನೇಕರು ಭಾವಿಸಿರಬೇಕು.

2008ರಲ್ಲಿ ಲೂಯಿಸ್ ಅರಗೊನೆಸ್ ಅವರ ಮಾರ್ಗದರ್ಶನದಲ್ಲಿ ಸ್ಪೇನ್, ನಾಲ್ವತ್ತನಾಲ್ಕು ವರ್ಷಗಳ ತರುವಾಯ, ಯೂರೋಪಿನ ಪ್ರಶಸ್ತಿಯನ್ನು ಪಡೆಯಿತು. ಅರಗೊನೆಸ್ ಬಿಟ್ಟ ಸ್ಥಾನಕ್ಕೆ ದೆಲ್ ಬೋಸ್ಕೆ ಬಂದರು. ಗೆದ್ದ ತಂಡವನ್ನು ವಹಿಸಿಕೊಳ್ಳುವುದು ಸೋತ ತಂಡವನ್ನು ವಹಿಸಿಕೊಳ್ಳುವುದಕ್ಕಿಂತ ಕಷ್ಟ. ಕೆಡಿಸಿದರೆ ನಿಂದೆ, ಉಳಿಸಿಕೊಂಡರೆ ಕೀರ್ತಿ ಹಿಂದಿನವನದು. ಅವರು ಕಟ್ಟಡವನ್ನು ಅಲುಗಿಸದೆ ಕೆಲವು ಕಲ್ಲುಗಳನ್ನಷ್ಟೇ ಬದಲಿಸಿದರು. ಆ ಕಲ್ಲುಗಳಲ್ಲೊಂದು ಬುಸ್ಕೆಟ್ಸ್ ಎಂಬ ತೆಳುಮೈಯ ಯುವಕ.

2010ರ ವಿಶ್ವಕಪ್ಪು ದಕ್ಷಿಣ ಆಫ್ರಿಕದಲ್ಲಿ ನಡೆಯಿತು. ಜೂನ್ 16ರಂದು ಡರ್ಬನ್ನಿನಲ್ಲಿ ಮೊದಲ ಪಂದ್ಯದಲ್ಲಿಯೇ ಸ್ವಿಟ್ಜರ್ಲೆಂಡ್ ಎದುರು 0-1ರ ಸೋಲು. ರಕ್ಷಣೆಗೆ ಮುಂದಾಗಿ ಬುಸ್ಕೆಟ್ಸ್, ಅಲೊನ್ಸೊ ಇಬ್ಬರನ್ನೂ ನಿಲ್ಲಿಸಿದ್ದೇ ತಪ್ಪೆಂದು ಟೀಕೆಗಳ ಮಳೆ ಸುರಿಯಿತು. ಅರಗೊನೆಸ್ ಅವರೂ ಟೀಕಿಸಿದರು. ದೆಲ್ ಬೋಸ್ಕೆ ಆ ಇಬ್ಬರನ್ನೂ ಉಳಿಸಿಕೊಂಡರು. ತಾನು ಮತ್ತೆ ಆಟಗಾರನಾಗುವುದಾದರೆ ಬುಸ್ಕೆಟ್ಸನಂತೆ ಆಗಲು ಬಯಸುವೆನೆಂಬ ಅರ್ಥದ ಮಾತನ್ನು ಆಡಿದರು. ಅನಂತರ ತಂಡ ಒಂದೂ ಪಂದ್ಯವನ್ನು ಸೋಲಲಿಲ್ಲ. ಪೋರ್ಚುಗಲ್, ಪರಾಗ್ವೆ, ಜರ್ಮನಿಗಳನ್ನು ಒಂದೊಂದೇ ಗೋಲಿನಿಂದ ದಾಟಿತು.

ಜುಲೈ 11ರ ಅಂತಿಮ ಪಂದ್ಯದ ಹಿಂದಿನ ದಿನ, ಕತಲೋನಿಯಾದ ಸ್ವಾಯತ್ತ ಶಾಸನದ ಕುರಿತು ನ್ಯಾಯಾಲಯ ನೀಡಿದ ತೀರ್ಪನ್ನು ಪ್ರತಿಭಟಿಸಿ ಬಾರ್ಸೆಲೋನದ ಬೀದಿಗಳಲ್ಲಿ ಅಪಾರ ಜನಸ್ತೋಮ ನೆರೆದಿತ್ತು. ಮರುದಿನ ಜೊಹಾನ್ಸ್‌ಬರ್ಗಿನಲ್ಲಿ ಕಣಕ್ಕಿಳಿದ ಸ್ಪೇನ್ ತಂಡದ ಮಧ್ಯನಾಡಿ ಅದೇ ಬಾರ್ಸೆಲೋನದ ಆಟಗಾರರು. ನಾಯಕ ಮ್ಯಾಡ್ರಿಡಿನ ಕಸೀಯಾಸ್. ಎಲ್ಲರನ್ನೂ ಕೂಡಿಸಿದವರು ಆಯುಷ್ಯದ ಬಹುಭಾಗವನ್ನು ಮ್ಯಾಡ್ರಿಡ್ ಸಂಸ್ಥೆಯಲ್ಲಿ ಕಳೆದ ಕಾಸ್ತೀಲಿಯ ಪ್ರಾಂತ್ಯದವರು. ನೆದರ್ಲೆಂಡ್ಸ್ ವಿರುದ್ಧ 116ನೆಯ ನಿಮಿಷದಲ್ಲಿ ಇನಿಯೆಸ್ತಾ ಗೋಲು ಹೊಡೆದದ್ದನ್ನು ಎಲ್ಲರೂ ನೆನೆಯುತ್ತಾರೆ. ಆ ಗೋಲಿನ ಹಿಂದಿನ ಓಟವನ್ನು ಗಮನಿಸಿದರೆ, ನವಾಸ್, ತೊರೆಸ್, ಫ್ಯಾಬ್ರೆಗಾಸ್ ಮೂವರ ಕಾಲನ್ನೂ ಚೆಂಡು ಮುಟ್ಟಿ ಬಂದಿರುವುದು ಕಾಣುತ್ತದೆ. ಈ ಮೂವರೂ ಪಂದ್ಯದ ನಡುವೆ ದೆಲ್ ಬೋಸ್ಕೆ ಒಳಗೆ ಕಳುಹಿಸಿದವರು. ಗೋಲಿನ ಪಟ್ಟಿಯಲ್ಲಿ ತರಬೇತುದಾರನ ಹೆಸರಿಗೆ ಸ್ಥಳವಿಲ್ಲ; ಅಂದಿನ ಗೋಲಿನಲ್ಲಿ ಮಾತ್ರ ಅವರ ಕೈಬರಹವಿದೆ.

2011ರ ಫೆಬ್ರವರಿಯಲ್ಲಿ ದೊರೆ ಹುವಾನ್ ಕಾರ್ಲೋಸ್ ಅವರಿಗೆ ಮಾರ್ಕ್ವಿಸ್ ಪದವಿಯನ್ನು ದಯಪಾಲಿಸಿದರು. ಗಣರಾಜ್ಯವಾದಿ ಸೆರೆಯಾಳಿನ ಮಗ ಅರಸೊತ್ತಿಗೆಯ ಸಾಮಂತನಾದ ಈ ವಿಪರ್ಯಾಸವನ್ನು ಕಾದಂಬರಿಕಾರನೊಬ್ಬ ಕಲ್ಪಿಸಿದ್ದರೆ ನಂಬುವುದು ಕಷ್ಟವಾಗುತ್ತಿತ್ತು. ಅದೇ ವರ್ಷ ಮ್ಯಾಡ್ರಿಡ್, ಬಾರ್ಸೆಲೋನ ಸಂಸ್ಥೆಗಳ ನಡುವಣ ಕಲಹ ಮೈದಾನದ ಹೊಡೆದಾಟದ ಮಟ್ಟಕ್ಕೆ ಇಳಿಯಿತು. ರಾಷ್ಟ್ರತಂಡವೇ ಒಡೆಯುವ ಭಯವಿತ್ತು. ಬಾಲ್ಯದಿಂದ ಜೊತೆಗೆ ಆಡಿದ ಕಸೀಯಾಸ್ ಮತ್ತು ಶಾವಿ ತಮ್ಮ ಸ್ನೇಹದಿಂದ ಬಿರುಕನ್ನು ಮುಚ್ಚಿದರು. ಅಂಥ ಸ್ನೇಹ ಬದುಕಬಲ್ಲ ವಾತಾವರಣವನ್ನು ತರಬೇತುದಾರ ಕಾಪಾಡಿದರು. 2012ರಲ್ಲಿ ಕೀವ್ ನಗರದಲ್ಲಿ ಇಟಲಿಯನ್ನು 4-0ರಿಂದ ಸೋಲಿಸಿ ಸ್ಪೇನ್ ಯೂರೋಪಿನ ಪ್ರಶಸ್ತಿಯನ್ನು ಉಳಿಸಿಕೊಂಡಿತು. ಚಾಂಪಿಯನ್ಸ್ ಲೀಗ್, ವಿಶ್ವಕಪ್ಪು, ಯೂರೋಪಿನ ರಾಷ್ಟ್ರಕಪ್ಪು ಮೂರನ್ನೂ ಗೆದ್ದ ಮೊದಲ ತರಬೇತುದಾರ ದೆಲ್ ಬೋಸ್ಕೆ.

ಚರಿತ್ರೆ ಇಲ್ಲಿಗೆ ನಿಂತಿದ್ದರೆ ಅದು ಸ್ತೋತ್ರವಾಗುತ್ತಿತ್ತು. 2014ರಲ್ಲಿ ಬ್ರೆಜಿಲಿನಲ್ಲಿ ನೆದರ್ಲೆಂಡ್ಸ್ ಎದುರು 1-5ರ ಸೋಲು ಬಂದಿತು. ಜೂನ್ 18ರಂದು ಮರಕಾನಾದಲ್ಲಿ ಚಿಲಿ 0-2ರಿಂದ ಸೋಲಿಸಿ ವಿಶ್ವವಿಜೇತರನ್ನು ಮನೆಗೆ ಕಳುಹಿಸಿತು. ಪದವಿ ನೀಡಿದ ದೊರೆ ಮ್ಯಾಡ್ರಿಡಿನಲ್ಲಿ ತಮ್ಮ ಸಿಂಹಾಸನತ್ಯಾಗದ ಪತ್ರಕ್ಕೆ ಸಹಿ ಮಾಡಿದ್ದೂ ಅದೇ ದಿನ. 2010ರಲ್ಲಿ ಟೀಕೆಗೆ ಬಾಗದೆ ತನ್ನವರನ್ನು ಉಳಿಸಿಕೊಂಡ ನಿಷ್ಠೆಯೇ, ನಾಲ್ಕು ವರ್ಷಗಳ ಅನಂತರ, ದಣಿದವರನ್ನು ದಣಿದವರೆಂದು ಹೇಳಲಾರದ ಸಂಕೋಚವಾಯಿತು. ಗುಣವೇ ದೋಷವಾಗುವ ಗಡಿಯನ್ನು ಅವರೂ ದಾಟಬೇಕಾಯಿತು. 2016ರ ಯೂರೋಪಿನ ಸ್ಪರ್ಧೆಯಲ್ಲಿ ಅವರು ಕಸೀಯಾಸನನ್ನು ಹೊರಗೆ ಕೂರಿಸಿ ಕಿರಿಯನೊಬ್ಬನನ್ನು ಗೋಲಿಗೆ ನಿಲ್ಲಿಸಿದರು. ಆ ಕಠಿಣ ನಿರ್ಧಾರವೂ ಫಲಿಸಲಿಲ್ಲ. ಜೂನ್ 27ರಂದು ಇಟಲಿಯೆದುರು 0-2ರಿಂದ ಸೋತು ಅವರು ನಿವೃತ್ತರಾದರು. ಆ ಪಂದ್ಯ ನಡೆದದ್ದು ಸೇಂಟ್ ಡೆನಿಸಿನ ಅದೇ ಕ್ರೀಡಾಂಗಣದಲ್ಲಿ. ಹದಿನಾರು ವರ್ಷಗಳ ಹಿಂದೆ ಅವರ ಮೊದಲ ದೊಡ್ಡ ಗೆಲುವು ಬಂದಿದ್ದ ಅಂಗಳದಲ್ಲಿ.

ನಾಯಕತ್ವವೆಂದರೆ ಗರ್ಜನೆಯೆಂದು ನಂಬಿದ ಕಾಲದಲ್ಲಿ ಈ ಮನುಷ್ಯ ದನಿಯೇರಿಸದೆ ಒಡಕು ಮನಸ್ಸುಗಳ ತಂಡವೊಂದನ್ನು ನಾಲ್ಕಾರು ವರ್ಷ ಒಂದಾಗಿ ನಿಲ್ಲಿಸಿದರು. ಕತಲೋನಿಯಾದ ಪ್ರಶ್ನೆಯನ್ನು ಕಾಲ್ಚೆಂಡು ಬಗೆಹರಿಸಲಿಲ್ಲ. ಅದು ಆಟದ ಕೆಲಸವೂ ಅಲ್ಲ. ಆದರೆ ಕಿರಿಯರ ಮೈದಾನದಲ್ಲಿ ಕಳೆದ ಅವರ ಆ ಅಜ್ಞಾತ ವರ್ಷಗಳು ವ್ಯರ್ಥವಾಗಲಿಲ್ಲವೆಂಬುದನ್ನು ಸ್ಪೇನ್ ಅರಿತಂತಿದೆ. 2024ರಲ್ಲಿ ಬರ್ಲಿನ್ನಿನಲ್ಲಿ ಇಂಗ್ಲೆಂಡನ್ನು ಸೋಲಿಸಿ ಮತ್ತೆ ಯೂರೋಪಿನ ಕಪ್ಪನ್ನು ತಂದ ಲೂಯಿಸ್ ದೆ ಲ ಫುಯೆಂತೆ ಅವರೂ ಹೆಸರು ಗಳಿಸುವ ಮುನ್ನ ವರ್ಷಗಟ್ಟಲೆ ದೇಶದ ಎಳೆಯರ ತಂಡಗಳಿಗೆ ಆಟ ಕಲಿಸಿದವರು.