ಕುಲೆ ಮದುವೆ ಮತ್ತು ಉತ್ತರ ಸಿಗದ ಸಾವುಗಳು

ಆಟಿ ತಿಂಗಳಲ್ಲಿ ಶುಭಕಾರ್ಯ ಇಲ್ಲ ಅಂತ ನಮ್ಮ ಕುಕ್ಕುಂದೂರು, ಕಾರ್ಕಳದ ಕಡೆ ಎಲ್ಲರೂ ಹೇಳ್ತಾರೆ. ಆದರೆ ತುಳುನಾಡಿನ ಒಂದು ಬಗೆಯ ಮದುವೆ ಹೆಚ್ಚಾಗಿ ನಡೆಯೋದೇ ಆಟಿಯಲ್ಲಿ. ವಧುವೂ ಇಲ್ಲ, ವರನೂ ಇಲ್ಲ. ಇಬ್ಬರೂ ಎಂದೋ ತೀರಿಹೋದ ಮಕ್ಕಳು. ಅದೇ ಕುಲೆ ಮದುವೆ, ಅಂದರೆ ಪ್ರೇತ ಮದುವೆ.

2022ರ ಜುಲೈಯಲ್ಲಿ ದಕ್ಷಿಣ ಕನ್ನಡದ ಇಂಥ ಒಂದು ಮದುವೆಯ ವಿಡಿಯೋ ಟ್ವಿಟರಿನಲ್ಲಿ ಹರಿದಾಡಿತು. 2024ರಲ್ಲಿ ಪುತ್ತೂರಿನ ಕುಟುಂಬವೊಂದು ಮೂವತ್ತು ವರ್ಷದ ಹಿಂದೆ ತೀರಿಕೊಂಡ ಮಗಳಿಗೆ ವರ ಬೇಕೆಂದು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಿತು. ಓದಿದವರಲ್ಲಿ ಕೆಲವರು ನಕ್ಕರು, ಕೆಲವರು ಮೂಢನಂಬಿಕೆ ಅಂದರು. ನನಗೆ ನಗು ಬರಲಿಲ್ಲ. ಇದ್ದಿದ್ದರೆ ಈಗ ಮದುವೆ ವಯಸ್ಸು ಅಂತ ಮೂವತ್ತು ವರ್ಷ ಲೆಕ್ಕ ಇಟ್ಟಿದ್ದಾರಲ್ಲ! ಬೇರೆ ಬರಿಯ ಸಂಬಂಧ ಹುಡುಕಿ, ಸೀರೆ-ಧೋತಿ ಇಟ್ಟು, ಧಾರೆ ಎರೆದು, ಊಟ ಹಾಕಿ ಕಳಿಸುವಾಗ ಆ ತಾಯಿಗೆ ಮಗುವಿನ ಹೆಸರನ್ನು ನಾಲ್ಕು ಜನರ ಮುಂದೆ ಹೇಳುವ ಅವಕಾಶ ಸಿಗುತ್ತದೆ. ದುಃಖಕ್ಕೆ ಇದಕ್ಕಿಂತ ದೊಡ್ಡ ಆಸರೆ ಯಾವುದಿದೆ?

ಆದರೆ ಅದರ ಇನ್ನೊಂದು ಮುಖವೂ ಇದೆ. ಬದುಕಿರುವ ಮಕ್ಕಳ ಮದುವೆಗೆ ಅಡ್ಡಿಯಾದರೆ ಸತ್ತ ಮಗುವಿನ ಕಾಟ ಅನ್ನುವುದುಂಟು. ಮಗು ಯಾಕೆ ಸತ್ತಿತು ಅನ್ನುವ ಪ್ರಶ್ನೆ ಮಾತ್ರ ಹಾಗೇ ಉಳಿಯುತ್ತದೆ.

ಆ ಪ್ರಶ್ನೆಗೆ ನಮ್ಮ ಹಳಬರೂ ಉತ್ತರ ಹುಡುಕಿದ್ದರು. ಸುಶ್ರುತ ಸಂಹಿತೆಯ ಉತ್ತರತಂತ್ರದಲ್ಲಿ ಒಂಬತ್ತು ಬಾಲಗ್ರಹಗಳಿವೆ. ಕಾಶ್ಯಪ ಸಂಹಿತೆಯ ರೇವತೀಕಲ್ಪದಲ್ಲಿ ಮಕ್ಕಳನ್ನು ಅಪಹರಿಸುವ ಜಾತಹಾರಿಣಿಯರ ವರ್ಣನೆ ಇದೆ. ಅವರು ಅಂಟಿಕೊಳ್ಳುವುದು ಧರ್ಮ ತಪ್ಪಿದ ಹೆಂಗಸಿಗೆ! ಅಂದರೆ ತಪ್ಪು ಕೊನೆಗೆ ತಾಯಿಯ ತಲೆಗೇ.

ಪಶ್ಚಿಮದವರೇನು ಕಡಿಮೆಯಲ್ಲ. ಮಲಗಿದ್ದ ಮಗು ಸತ್ತರೆ ತಾಯಿ ನಿದ್ದೆಯಲ್ಲಿ ಮೇಲೆ ಹೊರಳಿದಳು ಅನ್ನುವುದು ಶತಮಾನಗಳ ವಾಡಿಕೆ. 1969ರಲ್ಲಿ ಅಮೆರಿಕದ ಸಿಯಾಟಲ್ ಸಮ್ಮೇಳನದಲ್ಲಿ ಇದಕ್ಕೆ 'ಸಡನ್ ಇನ್ಫೆಂಟ್ ಡೆತ್ ಸಿಂಡ್ರೋಮ್' ಎಂಬ ಹೆಸರು ಬಂತು. ಕಾರಣ ತಿಳಿಯಲಿಲ್ಲ, ನಿಜ. ಆದರೆ ಹೆಸರು ಬಂದದ್ದೇ ಎಷ್ಟೋ ತಾಯಂದಿರಿಗೆ ಬಿಡುಗಡೆ. ಬ್ರಿಟನ್ನಿನ ಟಿವಿ ನಿರೂಪಕಿ ಆ್ಯನ್ ಡೈಮಂಡ್ 1991ರ ಜುಲೈಯಲ್ಲಿ ಮಗನನ್ನು ಕಳೆದುಕೊಂಡರು. ಕೂಸನ್ನು ಬೋರಲು ಮಲಗಿಸಬೇಡಿ, ಅಂಗಾತ ಮಲಗಿಸಿ ಅನ್ನುವ ಪ್ರಚಾರದ ಮುಂದೆ ನಿಂತರು. ಅದೇ ಡಿಸೆಂಬರಿನಲ್ಲಿ ಅಭಿಯಾನ ಶುರುವಾಗಿ ಇಂಥ ಸಾವುಗಳು ಗಣನೀಯವಾಗಿ ಇಳಿದವು.

ಆದರೂ ತಾಯಿಯನ್ನು ದೂರುವ ಚಟ ಹೋಗಲಿಲ್ಲ. ಆಸ್ಟ್ರೇಲಿಯಾದ ಕ್ಯಾಥ್ಲೀನ್ ಫೋಲ್ಬಿಗ್ ಎಂಬಾಕೆಯ ನಾಲ್ಕು ಮಕ್ಕಳು 1989ರಿಂದ 1999ರೊಳಗೆ ಒಂದೊಂದಾಗಿ ತೀರಿಹೋದವು. 2003ರಲ್ಲಿ ಆಕೆಯೇ ಕೊಂದಳೆಂದು ಜೈಲಾಯಿತು. ಮುಂದೆ ಕ್ಯಾರೊಲಾ ವಿನುಯೇಸಾ ಮತ್ತಿತರ ವಿಜ್ಞಾನಿಗಳು ವಂಶವಾಹಿ ಪರೀಕ್ಷಿಸಿದಾಗ, ಹೃದಯದ ಬಡಿತವನ್ನು ದಿಢೀರನೆ ಕೆಡಿಸಬಲ್ಲ ಅಪರೂಪದ ದೋಷ ಇಬ್ಬರು ಹೆಣ್ಣುಮಕ್ಕಳಲ್ಲಿ ಸಿಕ್ಕಿತು. 2023ರಲ್ಲಿ ಕ್ಷಮಾದಾನ, ನಂತರ ಶಿಕ್ಷೆ ರದ್ದು. ಇಪ್ಪತ್ತು ವರ್ಷ ಹೋಗಿಯೇ ಹೋಯಿತು...

ಈಗ ನಮ್ಮೂರಿಗೆ ಬರೋಣ. ಇಲ್ಲಿ ಜೈಲಿಲ್ಲ, ಆದರೆ ಸೊಸೆಯ ಕಾಲ್ಗುಣದ ಮಾತು ಇದೆ. ಚಿಕ್ಕ ಮಗು ಹೋದರೆ ಬೇಗ ಮಣ್ಣು ಮಾಡುತ್ತೇವೆ. ಕೂಸನ್ನು ಕೊಯ್ಯುವುದು ಬೇಡ ಅನ್ನುತ್ತಾರೆ ಹಿರಿಯರು. ಆ ಸಂಕಟ ಅರ್ಥವಾಗುತ್ತದೆ. ಆದರೆ ಮಣ್ಣಿನೊಂದಿಗೆ ಉತ್ತರವೂ ಹೋಗುತ್ತದೆ. ಹೃದಯ ಬಡಿತದ ದೋಷಗಳಲ್ಲಿ ಹಲವು ವಂಶದಲ್ಲಿ ಹರಿಯುವಂಥವು. ಶವಪರೀಕ್ಷೆಯಲ್ಲಿ ಏನೂ ಕಾಣದಿದ್ದರೂ ತೆಗೆದಿಟ್ಟ ರಕ್ತದಲ್ಲಿ ಸುಳಿವು ಸಿಗಬಹುದು. ಅಪ್ಪ, ಅಮ್ಮ, ಒಡಹುಟ್ಟಿದವರಿಗೆ ಇಸಿಜಿ ಮಾಡಿಸಿದರೆ ಇನ್ನೊಂದು ಜೀವ ಉಳಿಯಬಹುದು. 1953ರಲ್ಲಿ ಡಾ. ಟಿ.ಎಂ.ಎ. ಪೈ ಕಟ್ಟಿದ ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜು ಇಲ್ಲಿಂದ ಸುಮಾರು ಒಂದು ಗಂಟೆಯ ದಾರಿ. ಅಲ್ಲಿ ವೈದ್ಯಕೀಯ ತಳಿವಿಜ್ಞಾನ ವಿಭಾಗವೇ ಇದೆ. ಭ್ರೂಣದ ಶವಪರೀಕ್ಷೆಯಿಂದ ತಂದೆತಾಯಿಗೆ ಮುಂದಿನ ಬಸಿರಿನ ಬಗ್ಗೆ ಎಷ್ಟು ಸರಿಯಾದ ಸಲಹೆ ಕೊಡಬಹುದೆಂದು ಅಲ್ಲಿನ ವೈದ್ಯರು 2015ರಲ್ಲೇ ಬರೆದಿದ್ದಾರೆ.

ಎಲ್ಲ ಸಾವಿಗೂ ಕಾರಣ ಸಿಗುವುದಿಲ್ಲ. ಹುಡುಕಿಯೂ ಸಿಗಲಿಲ್ಲ ಅನ್ನುವುದು ಕೂಡ ತಾಯಿಗೆ ಒಂದು ಉತ್ತರವೇ. ನಿನ್ನಿಂದಾದದ್ದಲ್ಲ ಅಂತ ಡಾಕ್ಟರ್ ಬಾಯಲ್ಲಿ ಕೇಳಿಸಿಕೊಂಡವಳು ಕುಲೆ ಮದುವೆಯ ದಿನ ತಲೆಯೆತ್ತಿ ಧಾರೆ ಎರೆಯಬಹುದು. ನನಗೆ ಎರಡೂ ಬೇಕು ಅನ್ನಿಸುತ್ತದೆ: ಮಗು ಹೋದ ವಾರ ಮಣಿಪಾಲದ ಡಾಕ್ಟರು, ಮೂವತ್ತು ವರ್ಷದ ಮೇಲೆ ಆಟಿಯ ಮದುವೆ. ನಿಮ್ಮ ಊರಿನಲ್ಲಿ ಹೋದ ಮಕ್ಕಳನ್ನು ಹೇಗೆ ನೆನೆಯುತ್ತಾರೆ? ಗೊತ್ತಿದ್ದವರು ಬರೆಯಿರಿ.